ಬಳಕೆದಾರರ ಕೈಪಿಡಿ: ಊರುಗೋಲು ಸಹಿತ ಕೈತೋಟ

ಮಾದರಿಯ ಬಗ್ಗೆ

ಪೋಲಿಯೋ ತಗುಲಿದ ಒಂದು ಕಾಲು, ಎರಡು ಊರುಗೋಲು ಇರುವ ಈ ಮಾದರಿಯನ್ನು ಆಯ್ದುಕೊಂಡದ್ದಕ್ಕೆ ವಂದನೆಗಳು. ಯಾರೂ ನಿಮ್ಮನ್ನು ಕೇಳಿ ಕೊಟ್ಟದ್ದಲ್ಲ, ಅದು ಬೇರೆ ಮಾತು. ನಮ್ಮ ದೇಶದಲ್ಲಿ ಇದರ ತಯಾರಿಕೆ ನಿಂತಿದೆ. ನಿಸರ್ಗದಲ್ಲಿ ಹರಡುವ ಪೋಲಿಯೋ ವೈರಸ್ಸಿನ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ, 2011ರ ಜನವರಿಯಲ್ಲಿ. ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಬಂದದ್ದು 2014ರ ಮಾರ್ಚ್‌ನಲ್ಲಿ. ಒಳ್ಳೆಯದೇ ಆಯಿತು. ಆದರೆ ಹಳೆಯ ಮಾದರಿಗಳಾದ ನಾವು ಇನ್ನೂ ಓಡಾಡುತ್ತಿದ್ದೇವೆ, ಬಿಡಿಭಾಗ ಮಾತ್ರ ಸಿಗುವುದಿಲ್ಲ. ಅದರಲ್ಲೂ ಭುಜ. ವರ್ಷಗಟ್ಟಲೆ ಮೈಭಾರ ಹೊತ್ತು ಅದು ಸವೆದಿರುತ್ತದೆ. ಕುಂಡ ಎತ್ತಲು ಅದನ್ನು ಖರ್ಚು ಮಾಡಬೇಡಿ.

ಜೋಡಣೆ

ಕೈತೋಟದ ಪುಸ್ತಕಗಳು ‘ಮೊದಲು ತಾರಸಿಗೆ ಹೋಗಿ’ ಎಂದೇ ಶುರುವಾಗುತ್ತವೆ. ಆ ಪುಟವನ್ನು ಹರಿದು ಗೊಬ್ಬರದ ಗುಂಡಿಗೆ ಹಾಕಿ. ಕಾಗದ ಚೆನ್ನಾಗಿ ಕೊಳೆಯುತ್ತದೆ. ನಿಮ್ಮ ತೋಟ ಮನೆಮುಂದಿನ ಅಂಗಳದಲ್ಲಿ, ಕುರ್ಚಿಯಲ್ಲಿ ಕೂತರೆ ಕೈಗೆಟಕುವ ಎತ್ತರದಲ್ಲಿ.

ಬಗ್ಗಲಾಗದವನ ದೋಷವೇನೂ ಇಲ್ಲಿಲ್ಲ, ಮಣ್ಣು ತೀರಾ ಕೆಳಗಿದೆ ಅಷ್ಟೆ. ಅದನ್ನು ಎರಡೂವರೆ ಅಡಿ ಮೇಲೆತ್ತಿಸಿ. ಎರಡು ಕಡೆ ಇಟ್ಟಿಗೆ ಕಟ್ಟಿಸಿ, ಮೇಲೆ ಕಡಪ ಕಲ್ಲು ಹಾಸಿ, ಅದರ ಮೇಲೆ ಟ್ರೇ, ಗ್ರೋ ಬ್ಯಾಗುಗಳನ್ನು ಇಡಿಸಿ. ಕಲ್ಲಿನ ಕೆಳಗೆ ಖಾಲಿ ಜಾಗ ಇರಲೇಬೇಕು, ಇಲ್ಲದಿದ್ದರೆ ಮೊಣಕಾಲು ತಗುಲಿ ಗಿಡ ಮಾರು ದೂರ ಉಳಿಯುತ್ತದೆ. ಗೋಡೆಗೆ ಒತ್ತಿ ಕಟ್ಟಿದರೆ ಅಗಲ ಎರಡು ಅಡಿ ಮೀರಬಾರದು, ಎರಡೂ ಕಡೆ ಓಡಾಡುವ ಹಾಗಿದ್ದರೆ ನಾಲ್ಕು. ಮೇಸ್ತ್ರಿ ‘ಇನ್ನೊಂದಡಿ ಇರ್ಲಿ ಸಾರ್, ಲುಕ್ ಬರುತ್ತೆ’ ಅನ್ನುತ್ತಾನೆ. ಒಪ್ಪಬೇಡಿ. ಆ ಇನ್ನೊಂದಡಿಯಲ್ಲಿ ಕಳೆ ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ.

ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ ಸಮಸಮ ಬೆರೆಸಿ. ಬರೀ ಮಣ್ಣು ತುಂಬಿದರೆ ಚೀಲ ಜರುಗಿಸಲು ಊರಿನವರನ್ನೆಲ್ಲ ಕರೆಯಬೇಕಾಗುತ್ತದೆ. ಕಳೆಗುದ್ದಲಿಯ ಹಿಡಿಗೆ ಹಳೇ ಸೈಕಲ್ ಟ್ಯೂಬ್ ಸುತ್ತಿಕೊಳ್ಳಿ, ಬೆರಳಿನ ಹಿಡಿತ ಸಡಿಲವಾದರೂ ಜಾರುವುದಿಲ್ಲ.

ಬಿತ್ತನೆ

ನೆಲದಲ್ಲೇ ಒಂದೆರಡು ಸಾಲು ಬೇಕೆಂಬ ಹಟವಿದ್ದರೆ, ಇಗೋ ಉಪಾಯ. ಅರ್ಧ ಇಂಚಿನ ಪಿವಿಸಿ ಪೈಪು, ಮೂರಡಿ ಉದ್ದ. ಹದವಾದ ಮಣ್ಣಿನ ಮೇಲೆ ಊರುಗೋಲಿನ ರಬ್ಬರ್ ಬುಷ್ ಒತ್ತಿದರೆ ದುಂಡನೆಯ ಗುಳಿ ಬೀಳುತ್ತದೆ. ಕುರ್ಚಿಯಲ್ಲಿ ಕೂತೇ ಪೈಪಿನ ತುದಿಯನ್ನು ಅಲ್ಲಿಗಿಟ್ಟು ಮೇಲಿನಿಂದ ಬೆಂಡೆ ಬೀಜ ಬಿಡಿ. ಪೈಪಿನೊಳಗೆ ಟಕಟಕ ಸದ್ದಾಗಿ ನಿಲ್ಲುತ್ತದೆ. ಅದೇ ಪೈಪಿನಿಂದ ಮಣ್ಣು ಸರಿಸಿ ಮುಚ್ಚಿ. ಎರಡು ಕಾಲೂ ಗಟ್ಟಿಯಿರುವವರಿಗೆ ಈ ಸೌಲಭ್ಯವಿಲ್ಲ, ಪಾಪ, ಅವರು ಬಗ್ಗಬೇಕು.

ನೀರು

ಹತ್ತು ಲೀಟರ್ ಕ್ಯಾನು ಎಂದರೆ ಹತ್ತು ಕಿಲೋ, ಎರಡೂ ಕೈ ಕೋಲಿಗೆ ಮೀಸಲು. ಆದ್ದರಿಂದ ಎತ್ತರದಲ್ಲಿ ಡ್ರಮ್ಮು, ಅದಕ್ಕೆ ನಲ್ಲಿ, ನಲ್ಲಿಯಿಂದ ಡ್ರಿಪ್. ನೆಲದಲ್ಲಿ ಪೈಪು ಹಾವಿನ ಹಾಗೆ ಬಿದ್ದಿರದಂತೆ ಗೋಡೆಗೆ ಕ್ಲಿಪ್ ಹೊಡೆಸಿ. ಪಾಚಿ ಕಟ್ಟಿದ ಕಡೆ ಬುಷ್ ಜಾರುತ್ತದೆ, ಸವೆದ ಬುಷ್ ಕೇಳುವುದೇ ಬೇಡ.

ಯಾವ ಗಿಡ?

ಬಸಳೆ, ತೊಂಡೆ. ಕಡ್ಡಿ ಊರಿದರೆ ಸಾಕು, ಬಲೆ ಹಿಡಿದು ತಾವಾಗಿಯೇ ನಿಮ್ಮ ಮುಖದ ಎದುರಿಗೆ ಬರುತ್ತವೆ. ಕರಿಬೇವಿನ ಕುಡಿ ಚಿವುಟುತ್ತಿದ್ದರೆ ಎದೆಮಟ್ಟದಲ್ಲೇ ಪೊದೆಯಾಗುತ್ತದೆ. ನುಗ್ಗೆಯನ್ನೂ ಕಡಿದು ಕಡಿದು ಕುಳ್ಳಗಿಡಬಹುದು. ತೆಂಗು ಬೇಡ.

ದೋಷ ನಿವಾರಣೆ

ಲಕ್ಷಣ: ಕುಂಡಗಳೆಲ್ಲ ಕಟ್ಟೆಯಿಂದಿಳಿದು ನೆಲದ ಮೇಲೆ ಸಾಲಾಗಿ, ರಂಗೋಲಿ ಸಮೇತ ನಿಂತಿವೆ. ಕಾರಣ: ಚಿಕ್ಕಮ್ಮ ಬಂದು ಹೋಗಿದ್ದಾರೆ. ‘ಪಾಪ, ನಿನ್ನ ಕೈಲಾಗಲ್ಲ ಅಂತ ನಾನೇ ಚೊಕ್ಕ ಮಾಡ್ದೆ ಕಣೋ’ ಎಂದು ಅವರು ಫೋನಿನಲ್ಲಿ ಹೇಳುವಾಗ ‘ಹೂಂ ಚಿಕ್ಕಮ್ಮ’ ಅನ್ನಿ. ಅವರು ಮಾಡುವ ಹೋಳಿಗೆ ನಿಮಗೆ ಇನ್ನೂ ಬೇಕಾಗಿದೆ.

ಲಕ್ಷಣ: ಬೆಳಗಾಗುವಷ್ಟರಲ್ಲಿ ದಾಸವಾಳ ಮಾಯ. ಕಾರಣ: ಎದುರುಮನೆಯವರ ದೇವರು. ಕಾಂಪೌಂಡಿನತ್ತ ನೀವು ಹೋಗುವಷ್ಟರಲ್ಲಿ ಅವರು ಮಂಗಳಾರತಿ ಮುಗಿಸಿರುತ್ತಾರೆ. ಪರಿಹಾರ ಈ ಆವೃತ್ತಿಯಲ್ಲಿಲ್ಲ.

ಲಕ್ಷಣ: ಗೇಟಿನಲ್ಲಿ ಕ್ಯಾಮೆರಾ. ನಿಮ್ಮ ತೋಟವಲ್ಲ, ನಿಮ್ಮ ಛಲ ಬೇಕಾಗಿದೆ ಅವರಿಗೆ. ಕೋಲು ಕಾಣುವ ಹಾಗೆ ನಿಲ್ಲಲು ಹೇಳುತ್ತಾರೆ, ಗಿಡದ ಹೆಸರು ಕೇಳುವುದಿಲ್ಲ. ಕೊನೆಗೆ ‘ಸಮಾಜಕ್ಕೆ ನಿಮ್ಮ ಸಂದೇಶ?’ ಎಂದಾಗ, ಒಂದು ಬಸಳೆ ಕಡ್ಡಿ ಕತ್ತರಿಸಿ ಕೈಗಿಟ್ಟು, ಎರಡು ಗಣ್ಣು ಮಣ್ಣಿನೊಳಗೆ ಹೋಗಲಿ ಎಂದು ಹೇಳಿ ಕಳಿಸಿ.