ಎಣ್ಣೆ ದರ ಕಾಯುವ ಗೃಹಸ್ಥ

ಎಣ್ಣೆ ದರ ಕಾಯುವ ಗೃಹಸ್ಥ ಹೇರಳವಾಗಿ ಸಿಗುವುದು ಅಮೆರಿಕದ ಈಶಾನ್ಯ ಮೂಲೆಯಲ್ಲಿ: ಮೇನ್, ನ್ಯೂ ಹ್ಯಾಂಪ್‌ಶೈರ್, ವರ್ಮಾಂಟ್, ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ರಾಜ್ಯಗಳಲ್ಲಿ. ಆ ದೇಶದಲ್ಲಿ ಎಣ್ಣೆ ಉರಿಸಿ ಮನೆ ಬೆಚ್ಚಗಿಟ್ಟುಕೊಳ್ಳುವ ಕುಟುಂಬಗಳಲ್ಲಿ ಬಹುಪಾಲು ಇರುವುದು ಈ ಭಾಗದಲ್ಲೇ. ಅನಿಲದ ಕೊಳವೆ ಬಾರದ ಬೀದಿಯ ಹಳೆಯ ಮರದ ಮನೆ, ಅದರ ನೆಲಮಾಳಿಗೆಯಲ್ಲಿ 275 ಗ್ಯಾಲನ್, ಅಂದರೆ ಸಾವಿರ ಲೀಟರಿಗಿಂತ ತುಸು ಹೆಚ್ಚು ಹಿಡಿಯುವ ಉಕ್ಕಿನ ಟ್ಯಾಂಕು. ಇವೆರಡೂ ಇದ್ದಲ್ಲಿ ಇವನೂ ಇರುತ್ತಾನೆ. ಟ್ಯಾಂಕಿನಲ್ಲಿರುವುದು ಹೆಚ್ಚುಕಡಿಮೆ ಡೀಸೆಲ್ಲೇ. ರಸ್ತೆಯ ಇಂಧನ ತೆರಿಗೆ ಕಟ್ಟಿದ್ದಲ್ಲ ಎಂಬ ಗುರುತಿಗೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಗಾಳಿ ನುಸುಳುವ ಮನೆಯಾದರೆ ಒಂದು ಚಳಿಗಾಲಕ್ಕೆ ಇಂಥ ಎರಡು ಮೂರು ಟ್ಯಾಂಕು ಕುಡಿದುಬಿಡುತ್ತದೆ.

ಇವನ ಋತುಚಕ್ರ ಶುರುವಾಗುವುದು ಚಳಿಗಾಲದಲ್ಲಲ್ಲ, ಬಿರುಬೇಸಿಗೆಯಲ್ಲಿ. ನೆರೆಹೊರೆಯವರೆಲ್ಲ ಸಮುದ್ರತೀರಕ್ಕೆ ಹೊರಡುವ ಜುಲೈ ತಿಂಗಳಲ್ಲಿ ಎಣ್ಣೆ ಡೀಲರಿನ ಕಾಗದ ಬರುತ್ತದೆ: ಬರುವ ಚಳಿಗಾಲದ ದರವನ್ನು ಈಗಲೇ ಲಾಕ್ ಮಾಡಿಕೊಳ್ಳಿ. ಲಾಕ್ ಮಾಡಲು ಮೂರು ಬಗೆ. ಒಂದು, ಫಿಕ್ಸೆಡ್: ಪೇಟೆ ಏರಲಿ ಇಳಿಯಲಿ, ಒಪ್ಪಿದ ದರವೇ ದರ. ಎರಡು, ಕ್ಯಾಪ್: ದರ ಗೊತ್ತಾದ ಮಿತಿ ಮೀರದು, ಪೇಟೆ ಇಳಿದರೆ ತಾನೂ ಇಳಿಯುತ್ತದೆ, ಈ ಸೌಭಾಗ್ಯಕ್ಕೆ ಸಾಮಾನ್ಯವಾಗಿ ಬೇರೆ ಶುಲ್ಕ ಉಂಟು. ಮೂರು, ಪ್ರೀ-ಬೈ: ಇಡೀ ಚಳಿಗಾಲದ ಎಣ್ಣೆಗೆ ಬೇಸಿಗೆಯಲ್ಲೇ ಪೂರ್ತಿ ದುಡ್ಡು ಎಣಿಸಿಬಿಡುವುದು. ಡೀಲರ್ ನಡುವೆ ಬಾಗಿಲು ಹಾಕಿಕೊಂಡರೆ ದುಡ್ಡೂ ಹೋಯಿತು, ಎಣ್ಣೆಯೂ ಹೋಯಿತು. ಅದಕ್ಕೇ ಹೀಗೆ ಮುಂಗಡ ಹಿಡಿಯುವವರು ಮುಂದೆ ಬರುವ ಎಣ್ಣೆಗೆ ಇಂದೇ ದರ ಗೊತ್ತುಮಾಡುವ ಫ್ಯೂಚರ್ಸ್ ಒಪ್ಪಂದವನ್ನೋ ತಕ್ಕ ಜಾಮೀನನ್ನೋ ಇಟ್ಟುಕೊಂಡಿರಬೇಕೆಂದು ಮೇನ್ ರಾಜ್ಯದಲ್ಲಿ ಕಾನೂನೇ ಇದೆ. ಕಾಗದದಲ್ಲಿ ಅಚ್ಚಾಗದ ನಾಲ್ಕನೆಯ ಬಗೆಯೂ ಒಂದುಂಟು: ‘ಇನ್ನೊಂದು ವಾರ ನೋಡೋಣ.’ ಗೃಹಸ್ಥ ಮೊದಲು ಹಿಡಿಯುವುದು ಇದನ್ನೇ.

ಆ ಒಂದು ವಾರ ಮೂರು ತಿಂಗಳಿರುತ್ತದೆ. ಅಷ್ಟೂ ದಿನ ಅವನು ಹಲ್ಲುಜ್ಜುವ ಮೊದಲು ನ್ಯೂಯಾರ್ಕ್ ಪೇಟೆಯ ಫ್ಯೂಚರ್ಸ್ ದರ ನೋಡುತ್ತಾನೆ. ಅಲ್ಲಿ ಒಂದು ಒಪ್ಪಂದವೆಂದರೆ 42,000 ಗ್ಯಾಲನ್. ಅವನಿಗೆ ಬೇಕಾದ್ದು 700. ಆದರೂ ಎಣ್ಣೆ ರಫ್ತು ಮಾಡುವ ದೇಶಗಳ ಕೂಟವಾದ ಒಪೆಕ್‌ನ ಮಂತ್ರಿಗಳು ಸಭೆ ಸೇರಿರುವುದು ತನ್ನ ನೆಲಮಾಳಿಗೆಯ ವಿಚಾರಕ್ಕೇ ಎಂದು ಅವನ ನಂಬಿಕೆ. ಮೆಕ್ಸಿಕೊ ಕೊಲ್ಲಿಯಲ್ಲಿ ಚಂಡಮಾರುತ ಎದ್ದರೆ ಅವನ ಊಟ ಸೇರದು. ಅರ್ಥಶಾಸ್ತ್ರ ಕೈಕೊಟ್ಟಾಗ 1792ರಿಂದ ಹೊರಬರುತ್ತಿರುವ ‘ಓಲ್ಡ್ ಫಾರ್ಮರ್ಸ್ ಆಲ್ಮನಾಕ್’ ತೆರೆಯುತ್ತಾನೆ. ಅದರಲ್ಲೂ ಸಮಾಧಾನ ಸಿಗದಿದ್ದರೆ ಕಂಬಳಿಹುಳು ಹುಡುಕುತ್ತಾನೆ. ಹುಳದ ನಡುವಿನ ಕಂದು ಪಟ್ಟಿ ಕಿರಿದಾಗಿದ್ದರೆ ಚಳಿ ಜೋರು ಎಂಬುದು ಆ ಸೀಮೆಯ ಹಳೆಯ ಮಾತು. ಶರತ್ಕಾಲದ ಮುಂಜಾನೆ ಹಿತ್ತಿಲಲ್ಲಿ ಮೊಣಕಾಲೂರಿ ಹುಳದ ಸೊಂಟ ಅಳೆಯುತ್ತಿರುವ ಪದವೀಧರ ಕಂಡರೆ, ಅವನಿನ್ನೂ ಲಾಕ್ ಮಾಡಿಲ್ಲವೆಂದು ತಿಳಿಯಬೇಕು.

ಈ ಗೃಹಸ್ಥರಲ್ಲಿ ಎರಡು ಪಂಗಡ. ಮೊದಲನೆಯವನು 2008ರಲ್ಲಿ ಪೆಟ್ಟು ತಿಂದವನು. ಆ ಜುಲೈನಲ್ಲಿ ಕಚ್ಚಾತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿತ್ತು. ಇನ್ನೂ ಏರುತ್ತದೆಂದು ಹೆದರಿ ಗ್ಯಾಲನ್ನಿಗೆ ನಾಲ್ಕೂವರೆ ಡಾಲರಿನ ಆಸುಪಾಸಿನಲ್ಲಿ ಲಾಕ್ ಮಾಡಿದ. ಚಳಿಗಾಲಕ್ಕೆ ಪೇಟೆ ಕುಸಿದು, ಪಕ್ಕದ ಮನೆಯವನು ಎರಡೂವರೆಯ ಆಸುಪಾಸಿಗೇ ತುಂಬಿಸಿಕೊಂಡ. ಇನ್ನು ಜನ್ಮದಲ್ಲಿ ಲಾಕ್ ಮಾಡೆನೆಂದು ಇವನ ಶಪಥ. ಎರಡನೆಯವನು, ಮುಂದಿನ ವರ್ಷ ನೋಡಿಕೊಂಡರಾಯಿತು ಎಂದು ಸುಮ್ಮನಿದ್ದವನು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿತ್ತು, ದರ ಐದು ಡಾಲರ್ ದಾಟಿತು. ಇವನು ಈಗ ಕಾಗದ ಬಂದ ದಿನವೇ ಸಹಿ ಹಾಕುತ್ತಾನೆ. ಇಬ್ಬರೂ ಅನುಭವದಿಂದ ಪಾಠ ಕಲಿತವರೇ. ಕಲಿತ ಪಾಠ ಮಾತ್ರ ಒಬ್ಬರದು ಒಬ್ಬರಿಗೆ ಆಗದು.

ಬಾಸ್ಟನ್ ಹೊರವಲಯದಲ್ಲಿ ಹಳೆಯ ಮನೆ ಕೊಂಡ ಕನ್ನಡಿಗ ಎಂಜಿನಿಯರ್ ಇವರ ಸುಧಾರಿತ ತಳಿ. ಹುಟ್ಟೂರಿನಲ್ಲಿ ಬೆಚ್ಚಗಿರುವುದಕ್ಕೂ ಬಿಲ್ ಬರಬಹುದೆಂದು ಕನಸಿನಲ್ಲೂ ಎಣಿಸದವನು, ಇಲ್ಲಿ ಹಳೆಯ ದರಗಳನ್ನೆಲ್ಲ ಸ್ಪ್ರೆಡ್‌ಶೀಟಿಗೆ ತುಂಬಿ ಗ್ರಾಫ್ ಎಳೆದಿರುತ್ತಾನೆ.

“ಏನ್ರೀ, ಲಾಕ್ ಮಾಡಿದ್ರಾ?”

“ತಡಿಯೇ, ಇನ್ನೂ ಐದು ಸೆಂಟ್ ಇಳಿಯೋ ಹಾಗಿದೆ.”

“ಐದು ಸೆಂಟ್ ಅಂದ್ರೆ ಒಟ್ಟು ಎಷ್ಟು ಉಳಿಯುತ್ತೆ?”

“ಮೂವತ್ತೈದು ಡಾಲರ್.”

“ಮೊನ್ನೆ ಕನ್ನಡ ಕೂಟಕ್ಕೆ ಹೋಗ್ತಾ ಸ್ಪೀಡಿಂಗ್ ಟಿಕೆಟ್‌ಗೆ ಎಷ್ಟು ಕಟ್ಟಿದ್ರಿ?”

“ಅದು ಬೇರೆ ಶೀಟಲ್ಲಿದೆ.”

ಲಾಕ್ ಮಾಡಿದ ಮರುದಿನ ಗೃಹಸ್ಥನ ವಿಶ್ವದೃಷ್ಟಿ ಮಗುಚಿಕೊಳ್ಳುತ್ತದೆ. ನಿನ್ನೆಯವರೆಗೆ ಪಶ್ಚಿಮ ಏಷ್ಯಾದಲ್ಲಿ ಶಾಂತಿ ನೆಲೆಸಲೆಂದು ಹಾರೈಸುತ್ತಿದ್ದವನು ಇಂದು ಅಲ್ಲಿ ರಾಜಿ ಮಾತುಕತೆ ಎಂದರೆ ಟೀವಿ ಆರಿಸುತ್ತಾನೆ. ದರ ಏರಿದರೆ ಹೊರಗೆ ಲೊಚಗುಟ್ಟುತ್ತಾನೆ, ಒಳಗೆ ಹಿಗ್ಗುತ್ತಾನೆ. ಲಾರಿ ಬಂದು ಎಣ್ಣೆ ತುಂಬುವಾಗ ಟ್ಯಾಂಕಿನ ಗಾಳಿಕೊಳವೆ ಸಿಳ್ಳೆ ಹಾಕುತ್ತದೆ. ಸಿಳ್ಳೆ ನಿಂತರೆ ಟ್ಯಾಂಕು ತುಂಬಿತೆಂದು ಲಾರಿಯವನಿಗೆ ಗೊತ್ತಾಗುತ್ತದೆ. ಅವನು ಬಾಗಿಲಿಗೆ ಸಿಕ್ಕಿಸಿ ಹೋದ ಚೀಟಿಯಲ್ಲಿ ಗೃಹಸ್ಥ ನೋಡುವುದು ಎಷ್ಟು ಗ್ಯಾಲನ್ ಬಿತ್ತೆಂದಲ್ಲ, ಪಕ್ಕದ ಮನೆಯವನಿಗಿಂತ ಎಷ್ಟು ಸೆಂಟ್ ಹೆಚ್ಚು ಬಿತ್ತೆಂದು. ಬೀದಿಗೆಲ್ಲ ದುಬಾರಿಯಾದರೆ ಅದು ಹಣೆಬರಹ. ತನಗೊಬ್ಬನಿಗೇ ದುಬಾರಿಯಾದರೆ ಅದು ಮಾನದ ಪ್ರಶ್ನೆ.

ಲಾಕ್ ಮಾಡದವನ ಚಳಿಗಾಲ ಟ್ಯಾಂಕಿನ ಮುಳ್ಳಿನ ಸುತ್ತ ತಿರುಗುತ್ತದೆ. ಜನವರಿಯಲ್ಲಿ ದರ ಇಳಿಯಲೆಂದು ಕಾದಷ್ಟೂ ಎಣ್ಣೆಯೇ ಇಳಿಯುತ್ತದೆ. ಮುಳ್ಳು ಕಾಲು ಭಾಗಕ್ಕೆ ಬಂದರೆ ಅದನ್ನು ಬೆರಳಿನಿಂದ ತಟ್ಟಿ ನೋಡುತ್ತಾನೆ, ತಟ್ಟಿದರೆ ಮೇಲೇರುತ್ತದೇನೋ ಎಂಬಂತೆ. ಕೊನೆಗೆ ಶನಿವಾರ ರಾತ್ರಿ ಬಾಯ್ಲರ್ ಆರುತ್ತದೆ. ಹಳದಿ ಕ್ಯಾನು ಹಿಡಿದು ಪೆಟ್ರೋಲ್ ಬಂಕಿಗೆ ಓಡಿ, ರಸ್ತೆ ತೆರಿಗೆಯನ್ನೂ ಸೇರಿಸಿ ಕೊಟ್ಟು ಐದು ಗ್ಯಾಲನ್ ಡೀಸೆಲ್ ತರುತ್ತಾನೆ. ಕೊಳವೆಗೆ ಹೊಕ್ಕ ಗಾಳಿ ತೆಗೆಸಲು ಮೆಕ್ಯಾನಿಕ್ಕನ್ನು ರಜಾದಿನದ ದರಕ್ಕೆ ಕರೆಸುತ್ತಾನೆ. ಆ ಖರ್ಚು ಯಾವ ಶೀಟಿಗೂ ಏರುವುದಿಲ್ಲ.

ಏಪ್ರಿಲ್‌ನಲ್ಲಿ ಲೆಕ್ಕ ಮುಗಿಯುತ್ತದೆ. ಗೆದ್ದವನು ಅದನ್ನು ತನ್ನ ದೂರದೃಷ್ಟಿ ಎನ್ನುತ್ತಾನೆ, ಸೋತವನು ಎಣ್ಣೆ ಕಂಪನಿಗಳ ಸಂಚು ಎನ್ನುತ್ತಾನೆ. ನಿಜಕ್ಕೂ ಲಾಕ್ ಎಂಬುದು ಜೂಜಲ್ಲ, ವಿಮೆ. ದರ ಏಕಾಏಕಿ ಏರಿದರೆ ತಡೆದುಕೊಳ್ಳಲಾಗದ ಸಂಸಾರ ಲಾಕ್ ಮಾಡಿ ಮರೆಯುವುದು ಲೇಸು. ತಡೆದುಕೊಳ್ಳಬಲ್ಲವರು ಬೇಕಾದಾಗ ತುಂಬಿಸಿಕೊಂಡು ಮರೆಯಬಹುದು. ಪೇಟೆ ಏರಲಿ ಇಳಿಯಲಿ ಪ್ರತಿ ಚಳಿಗಾಲವೂ ಎಣ್ಣೆ ಉಳಿಸಿಕೊಡುವ ಉಪಾಯ ಬೇರೆ ಇದೆ: ಅಟ್ಟಕ್ಕೆ ಇನ್ಸುಲೇಷನ್ ಹಾಸಿಸಿ ಕಿಟಕಿಯ ಸಂದು ಮುಚ್ಚುವುದು. ಗೃಹಸ್ಥನಿಗೆ ಇದು ಗೊತ್ತಿಲ್ಲದ್ದೇನಲ್ಲ. ಇನ್ಸುಲೇಷನ್ ದರ ಸ್ವಲ್ಪ ಇಳಿಯಲೆಂದು ಕಾಯುತ್ತಿದ್ದಾನೆ.