ವೆಬ್‌ಸೈಟಣ್ಣನ ಪ್ರೈವೇಟ್ ಕಾರುಬಾರು

ಕೋಲಾರದ ಕ್ಲಾಕ್ ಟವರಿನಿಂದ ಶ್ರೀನಿವಾಸಪುರದ ಮಾವಿನ ಮಂಡಿಯವರೆಗೆ ಇವನು ಬೈಕು ಓಡಿಸದ ರಸ್ತೆಯಿಲ್ಲ. ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಜೇಬಿನಲ್ಲಿ 'ಸಿಇಒ' ಎಂದು ಅಚ್ಚಾದ ವಿಸಿಟಿಂಗ್ ಕಾರ್ಡು. ಕಂಪನಿಯಲ್ಲಿರುವ ಆಳು ಅವನೊಬ್ಬನೇ. ಜನರ ಬಾಯಲ್ಲಿ ಇವನು ವೆಬ್‌ಸೈಟಣ್ಣ.

"ಎಷ್ಟು ದಿವಸ ಆಗ್ತದಪ್ಪಾ?" ಎಂದು ಕೇಳಿ ನೋಡಿ. "ಸ್ಕ್ರಾಚಿಂದ ಮಾಡ್ಬೇಕಲ್ಲ ಸಾ, ಒಂದು ತಿಂಗಳಾದ್ರೂ ಬೇಕು" ಅನ್ನುತ್ತಾನೆ. ಕೆಲಸ ಮಾತ್ರ ತರಿಸಿದ ಟೀ ಆರುವುದರೊಳಗೆ ಮುಗಿದಿರುತ್ತದೆ.

ಮೂಲದಲ್ಲಿ ಅದು ಯಾರೋ ಪುಣ್ಯಾತ್ಮ ಗಿಟ್‌ಹಬ್‌ನಲ್ಲಿ ಪುಕ್ಕಟೆ ಇಟ್ಟ ಟೆಂಪ್ಲೇಟು. ವೆಬ್‌ಸೈಟಣ್ಣ ಅದನ್ನು ಮೊದಲು ಕೋಲಾರದ ಟೊಮೆಟೊ ಮಂಡಿಗೆ ಕೊಟ್ಟ. ಆಮೇಲೆ ಶ್ರೀನಿವಾಸಪುರದ ಮಾವಿಗೆ, ಮಾಲೂರಿನ ಇಟ್ಟಿಗೆ ಗೂಡಿಗೆ, ಕೊನೆಗೆ ಮುಳಬಾಗಿಲಿನ ದೋಸೆ ಹೋಟೆಲಿಗೆ. ಪ್ರತಿಸಲವೂ ಮಾಡಿದ್ದು ಒಂದೇ ಕೆಲಸ, ಫೈಂಡ್ ಅಂಡ್ ರಿಪ್ಲೇಸ್. ಹಾಗಾಗಿ ಮಾಲೂರಿನವರು ಈಗ 'ತೋಟದಿಂದ ನೇರ ನಿಮ್ಮ ಮನೆಗೆ, ತಾಜಾ ರಸಭರಿತ ಇಟ್ಟಿಗೆ' ಮಾರುತ್ತಿದ್ದಾರೆ. ಮುಳಬಾಗಿಲಿನಲ್ಲಿ 'ಕಾರ್ಬೈಡ್ ಹಾಕದೆ ಮಾಗಿಸಿದ ದೋಸೆ' ಸಿಗುತ್ತದೆ. ನಾಲ್ಕೂ ಕಡೆ ಸಂಪರ್ಕ ಪುಟದಲ್ಲಿ ಹೆಡ್‌ಸೆಟ್ ಹಾಕಿಕೊಂಡು ನಗುವ ಹೊಂಬಣ್ಣದ ಕೂದಲಿನ ಹೆಣ್ಣುಮಗಳು ಒಬ್ಬಳೇ.

ಮಾವಿನ ಮಂಡಿಯ ಯಜಮಾನರು ಪುಟದ ಕೆಳಗೆ 'ಲೋರೆಮ್ ಇಪ್ಸಮ್' ಎಂದಿದ್ದನ್ನು ಕಂಡು, "ಇದೇನಪ್ಪಾ, ನಮಗೆ ಬರ್ದೇ ಇರೋ ತೆಲುಗು?" ಎಂದರು.

"ಲ್ಯಾಟಿನ್ನು ಯಜಮಾನ್ರೆ. ಎಕ್ಸ್‌ಪೋರ್ಟ್ ಕ್ವಾಲಿಟಿ."

ಇಷ್ಟಾದ ಮೇಲೆ ಅವನಿಗೆ ಕಳ್ಳರ ಭಯ ಹತ್ತಿಕೊಳ್ಳುತ್ತದೆ. "ಪಕ್ಕದ ಬೀದಿ ಹುಡುಗರು ನನ್ನ ಕೋಡ್ ಎತ್ಕೊಂಡು ಹೋಗ್ತಾರೆ ಸಾ!" 2019ರ ಜನವರಿಯಿಂದ ಗಿಟ್‌ಹಬ್ ಪುಕ್ಕಟೆ ಖಾತೆಯವರಿಗೂ ಪ್ರೈವೇಟ್ ರೆಪೊಸಿಟರಿ ಎಷ್ಟು ಬೇಕಾದರೂ ಕೊಡುತ್ತಿದೆ. ಆದರೆ ಸಾರ್ವಜನಿಕ ರೆಪೊಸಿಟರಿಯನ್ನು ಫೋರ್ಕ್ ಮಾಡಿಕೊಂಡರೆ ಆ ಫೋರ್ಕನ್ನು ಪ್ರೈವೇಟ್ ಮಾಡಲು ಬರುವುದಿಲ್ಲ. ಅದಕ್ಕೇ ಬೇರ್ ಕ್ಲೋನ್ ತೆಗೆದು, ಹೊಸ ಪ್ರೈವೇಟ್ ರೆಪೊಗೆ ಮಿರರ್ ಪುಶ್ ಮಾಡುವ ವಿದ್ಯೆ ಕಲಿತ. ಕಲಿತವನು ಮೊದಲು ಅಳಿಸಿದ್ದು ಲೈಸೆನ್ಸ್ ಫೈಲನ್ನು. ಅದು ಎಂಐಟಿ ಲೈಸೆನ್ಸು. ನಕಲು ಮಾಡು, ತಿದ್ದು, ಮಾರು, ನನ್ನ ಕಾಪಿರೈಟ್ ಸಾಲನ್ನೂ ಈ ಲೈಸೆನ್ಸನ್ನೂ ಮಾತ್ರ ತೆಗೆಯಬೇಡ ಎನ್ನುತ್ತದೆ. ಪುಣ್ಯಾತ್ಮ ಕೇಳಿದ್ದು ಅದೊಂದೇ. ಆ ಜಾಗದಲ್ಲೀಗ ವೆಬ್‌ಸೈಟಣ್ಣನ ಕಂಪನಿ ಹೆಸರು, ಮುಂದೆ 'ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ'.

ಮಿರರ್ ಮಾಡಿದರೆ ಹಳೆಯ ಚರಿತ್ರೆಯೆಲ್ಲ ಜೊತೆಗೇ ಬರುತ್ತದೆ. ಪ್ರತಿ ಹಳೆಯ ಕಮಿಟ್‌ನಲ್ಲೂ ಬರೆದವನ ಹೆಸರು, ತಾರೀಖು, ಕೊನೆಗೆ ಅಳಿಸಿದ ಲೈಸೆನ್ಸ್ ಕೂಡ ಭದ್ರವಾಗಿರುತ್ತದೆ. ಬೀಗ ಇವನದು, ಪಹಣಿ ಇನ್ನೊಬ್ಬರ ಹೆಸರಲ್ಲಿ. ಆ ಬೀಗವಾದರೂ ಯಾವ ಭಾಗ್ಯಕ್ಕೆ? ಸೈಟು ತೆರೆದು ರೈಟ್ ಕ್ಲಿಕ್ ಮಾಡಿ 'ವ್ಯೂ ಪೇಜ್ ಸೋರ್ಸ್' ಒತ್ತಿದರೆ ಆ ಪುಟದ ಎಚ್‌ಟಿಎಂಎಲ್ ಅಷ್ಟೂ ಪಕ್ಕದ ಬೀದಿ ಹುಡುಗರ ಕಣ್ಣೆದುರಿಗೇ ಇರುತ್ತದೆ.

ಇನ್ನೊಂದು ಫಜೀತಿ. ಸೈಟುಗಳೆಲ್ಲ ಪುಕ್ಕಟೆ ಗಿಟ್‌ಹಬ್ ಪೇಜಸ್‌ನಲ್ಲಿದ್ದವು. ದುಡ್ಡು ಕಟ್ಟದ ಖಾತೆಯಲ್ಲಿ ಆ ಸೌಲಭ್ಯ ಸಾರ್ವಜನಿಕ ರೆಪೊಗಳಿಗೆ ಮಾತ್ರ. ಪ್ರೈವೇಟ್ ಮಾಡಿದ್ದೇ ತಡ, ಮಾವು, ಇಟ್ಟಿಗೆ, ದೋಸೆ ಎಲ್ಲ ಮಾಯ. ಯಜಮಾನರ ಫೋನು ಬಂತು: "ನಮ್ಮ ಸೈಟೆಲ್ಲಪ್ಪಾ? ಕಾಣಿಸ್ತಾನೇ ಇಲ್ಲ."

"ಸೆಕ್ಯುರಿಟಿ ಹೆಚ್ಚು ಮಾಡಿದೀನಿ ಯಜಮಾನ್ರೆ. ಇನ್ಮೇಲೆ ಯಾರಿಗೂ ಕಾಣ್ಸಲ್ಲ."

ಟೆಂಪ್ಲೇಟು ಇರುವುದೇ ನಕಲು ಮಾಡುವುದಕ್ಕೆ, ಅದರಲ್ಲಿ ತಪ್ಪೇನಿಲ್ಲ. ಗಿರಾಕಿಯ ಕೆಲಸವನ್ನು ಪ್ರೈವೇಟಾಗಿ ಇಟ್ಟುಕೊಳ್ಳುವುದರಲ್ಲೂ ತಪ್ಪಿಲ್ಲ. ಮೂಲದವರು ಟೆಂಪ್ಲೇಟ್ ಎಂದೇ ಗುರುತು ಹಾಕಿದ್ದರೆ 'ಯೂಸ್ ದಿಸ್ ಟೆಂಪ್ಲೇಟ್' ಗುಂಡಿ ಒತ್ತಿದರೆ ಸಾಕು, ಹಳೆಯ ಚರಿತ್ರೆಯ ಹೊರೆಯಿಲ್ಲದ ಪ್ರೈವೇಟ್ ರೆಪೊ ಸಿದ್ಧ. ಬಿಟ್ಟಿ ಕೊಟ್ಟವನ ಹೆಸರು ಅಳಿಸುವುದು ಮಾತ್ರ ಕೃತಘ್ನತೆ. ಇನ್ನು ಗಿರಾಕಿಗಳಿಗೊಂದು ಮಾತು: ದುಡ್ಡು ಕೊಡುವ ಮುಂಚೆ ಡೊಮೇನು ಯಾರ ಹೆಸರಲ್ಲಿದೆ ಎಂದು ಕೇಳಿ. ನಿಮ್ಮ ಇಟ್ಟಿಗೆ ರಸಭರಿತವೋ ಎಂಬುದನ್ನೂ ಒಮ್ಮೆ ಓದಿ ನೋಡಿ.