ಹಳಿ ಮೀಮಾಂಸೆ: ಕಪಿಲಾ–ಕಾವೇರಿ ತೀರದ ಸ್ಲೈಡಿಂಗ್ ಬಾಗಿಲುಗಳ ರೋಗನಿದಾನ

ತಿರುಮಕೂಡಲು ನರಸೀಪುರದ ನದಿದಂಡೆಯಲ್ಲಿ ಪುರಾತತ್ತ್ವಜ್ಞರು ನವಶಿಲಾಯುಗದ ನೆಲೆಯೊಂದನ್ನು ಅಗೆದು ತೆಗೆದಿದ್ದಾರೆ. ಮಡಕೆಗಳು ಸಿಕ್ಕಿವೆ, ಸಮಾಧಿಗಳು ಸಿಕ್ಕಿವೆ, ಸುಟ್ಟ ಮಣ್ಣಿನ ತಲೆದಿಂಬು ಕೂಡ ಸಿಕ್ಕಿದೆ. ಸ್ಲೈಡಿಂಗ್ ಬಾಗಿಲಿನ ಗಾಲಿ ಮಾತ್ರ ಸಿಕ್ಕಿಲ್ಲ. ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಬಂದರೆ, ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಕಟ್ಟಿಸಿದ, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕೇಶವ ದೇವಾಲಯದಲ್ಲಿ ತಿರುಗಣೆಗೆ ಕೊಟ್ಟು ಕಡೆದ ಕಂಬಗಳಿವೆ, ಜಾರುವ ಬಾಗಿಲಿಲ್ಲ. ಇದರಿಂದ ಎರಡು ತೀರ್ಮಾನಗಳು ಸಾಧ್ಯ. ಒಂದು, ಪೂರ್ವಿಕರಿಗೆ ಸ್ಲೈಡಿಂಗ್ ಬಾಗಿಲು ಗೊತ್ತಿರಲಿಲ್ಲ. ಎರಡು, ಚೆನ್ನಾಗಿಯೇ ಗೊತ್ತಿತ್ತು. ರಿಪೇರಿಗೆಂದು ಬಿಚ್ಚಿಕೊಂಡು ಹೋದವನು ಇನ್ನೂ ವಾಪಸ್ ತಂದಿಲ್ಲ. ನಂಜನಗೂಡಿನಲ್ಲೋ ನರಸೀಪುರದಲ್ಲೋ ಮನೆ ಕಟ್ಟಿಸಿ ಅಲ್ಯೂಮಿನಿಯಂ ಕೆಲಸದವರ ದಾರಿ ಕಾದವರು ಎರಡನೆಯ ಪಕ್ಷವನ್ನೇ ಹಿಡಿಯುತ್ತಾರೆ. ಪ್ರಸ್ತುತ ಪ್ರಬಂಧದ ಒಲವೂ ಅತ್ತಲೇ.

ಮೊದಲು ಲಕ್ಷಣ. ಪಡಸಾಲೆಗೂ ಹಿತ್ತಲ ಸಿಟೌಟಿಗೂ ನಡುವೆ, ಗೋಡೆ ಇರಬೇಕಾದ ಜಾಗದಲ್ಲಿ ಆರಡಿ ಅಗಲ ಏಳಡಿ ಎತ್ತರದ ಗಾಜು ನಿಂತು, ಅದರ ಅರ್ಧ ಇನ್ನರ್ಧದ ಹಿಂದಕ್ಕೆ ಸರಿಯುವಂತಿದ್ದರೆ ಅದು ಸ್ಲೈಡಿಂಗ್ ಬಾಗಿಲು. ಸರಿಯದಿದ್ದರೂ ಸ್ಲೈಡಿಂಗ್ ಬಾಗಿಲೇ. ಈ ಶಾಸ್ತ್ರ ಹುಟ್ಟಿದ್ದೇ ಆ ಎರಡನೆಯ ಪ್ರಭೇದಕ್ಕಾಗಿ. ಗೃಹಪ್ರವೇಶದ ದಿನ ಅದು ಕಿರುಬೆರಳಿಗೆ ಓಡುತ್ತದೆ. ಮಾರನೇ ವರ್ಷ ಒಂದು ಕೈ ಬೇಕು. ಇನ್ನೆರಡು ಮಳೆಗಾಲ ಕಳೆಯುವಷ್ಟರಲ್ಲಿ ಯಜಮಾನರು ಎರಡೂ ಕೈಯಲ್ಲಿ ಹಿಡಿಕೆ ಹಿಡಿದು, ಒಂದು ಪಾದವನ್ನು ಚೌಕಟ್ಟಿಗೆ ಒತ್ತಿ, ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಗೌತಮ ರಥ ಎಳೆಯುವವರ ಭಂಗಿಗೆ ಬಂದಿರುತ್ತಾರೆ. ರಥಕ್ಕಾದರೆ ಊರೇ ಕೈ ಹಾಕುತ್ತದೆ. ಇಲ್ಲಿ ಮಗನನ್ನು ಕರೆದರೆ ಅವನು ಫೋನಿನಲ್ಲಿರುತ್ತಾನೆ.

ಈ ಅವನತಿಗೆ ಕಾರಣವೇನು? “ಮಳೆಗಾಲಕ್ಕೆ ಬಾಗಿಲು ಊದಿಕೊಂಡಿದೆ” ಎನ್ನುವುದು ಪೂರ್ವಪಕ್ಷ. ಹಲಸು, ತೇಗ, ಬೇವಿನ ಬಾಗಿಲುಗಳ ಕಾಲದಿಂದ ಬಂದ ಈ ವಾದಕ್ಕೆ ಮನೆಮನೆಯಲ್ಲೂ ಅನುಯಾಯಿಗಳಿದ್ದಾರೆ. ಮರ ತೇವ ಕುಡಿದು ಊದುವುದು ನಿಜ. ಆದರೆ ಅಲ್ಯೂಮಿನಿಯಂ ತೇವ ಕುಡಿಯುವುದಿಲ್ಲ, ಯುಪಿವಿಸಿ ಕುಡಿಯುವುದಿಲ್ಲ, ಗಾಜಂತೂ ಮುಟ್ಟುವುದೂ ಇಲ್ಲ. ಆದ್ದರಿಂದ ಪೂರ್ವಪಕ್ಷ ಬಿದ್ದಿತು. ಸಿದ್ಧಾಂತವೇನೆಂದರೆ, ರೋಗ ಬಾಗಿಲಿನಲ್ಲಿಲ್ಲ, ಬಾಗಿಲಿನ ಕೆಳಗಿನ ಟ್ರ್ಯಾಕಿನಲ್ಲಿದೆ.

ಇಲ್ಲಿ ಸ್ವಲ್ಪ ಹೊತ್ತು ಹೊಸಿಲಿನ ಬಳಿ ನಿಲ್ಲಬೇಕು (ಮೇಲೆ ನಿಲ್ಲಬಾರದು). ಹಳೆಯ ಮನೆಯ ಹೊಸಿಲನ್ನು ತುಳಿಯುವಂತಿಲ್ಲ, ಅದರ ಮೇಲೆ ಕೂರುವಂತಿಲ್ಲ, ಅಲ್ಲಿ ನಿಂತು ಸೀನುವಂತಿಲ್ಲ. ಬೆಳಿಗ್ಗೆ ಎದ್ದು ಒರೆಸಬೇಕು, ಶುಕ್ರವಾರವಾದರೆ ತೊಳೆದು ಅರಿಸಿನ ಹಚ್ಚಿ ಕುಂಕುಮ ಇಡಬೇಕು. ಭಕ್ತಿಯ ಹೆಸರಿನಲ್ಲಿ ಇಷ್ಟು ಕಟ್ಟುನಿಟ್ಟಾದ ನಿರ್ವಹಣೆಯ ವೇಳಾಪಟ್ಟಿಯನ್ನು ಯಾವ ಕಾರ್ಖಾನೆಯೂ ನಡೆಸಿಲ್ಲ. ಸ್ಲೈಡಿಂಗ್ ಬಾಗಿಲು ಬಂದಾಗ ಎತ್ತರದ ಹೊಸಿಲು ಹೋಗಿ ಅದರ ಜಾಗಕ್ಕೆ ತಗ್ಗಿನ ಕಾಲುವೆ ಬಂತು. ದಾಟುವವರೆಲ್ಲ ಅದನ್ನು ತುಳಿದೇ ದಾಟುತ್ತಾರೆ. ತುಳಿದಲ್ಲಿ ತೆಳುವಾದ ಹಳಿ ಬಗ್ಗುತ್ತದೆ. ಒರೆಸುವವರು ನೆಲದ ಕಸವನ್ನೆಲ್ಲ ತಂದು ಅದರೊಳಕ್ಕೇ ಗುಡಿಸುತ್ತಾರೆ. ಸಂಪ್ರದಾಯಸ್ಥರ ಮನೆಯಲ್ಲಿ ಇನ್ನೊಂದು ಸಂಕಟವಿದೆ.

“ಗಾಜಿನ ಬಾಗಿಲಾದ್ರೇನಮ್ಮ, ಹೊಸಿಲು ಹೊಸಿಲೇ ತಾನೆ?” ಎಂದು ಅತ್ತೆ ಅರಿಸಿನದ ಬಟ್ಟಲು ಹಿಡಿದು ಬರುತ್ತಾರೆ. “ಅತ್ತೆ, ಅದು ಟ್ರ್ಯಾಕು, ಅದಕ್ಕೆ ಬೇಡಿ ಅತ್ತೆ” ಎಂದು ಸೊಸೆ. ತಾತ್ತ್ವಿಕವಾಗಿ ಅತ್ತೆಯವರದೇ ಸರಿ, ಯಾಂತ್ರಿಕವಾಗಿ ಸೊಸೆಯದು. ಅರಿಸಿನ, ಕುಂಕುಮ, ರಂಗೋಲಿ ಪುಡಿ ಮೂರೂ ತೇವದೊಂದಿಗೆ ಕಲೆತು ಒಣಗಿದರೆ ಗಾಲಿಯ ದಾರಿಯಲ್ಲಿ ಗಾರೆ ಹಾಕಿದಂತಾಗುತ್ತದೆ.

ನರಸೀಪುರಕ್ಕೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಹಿರಣ್ಯಕಶಿಪುವಿನ ವರದ ಪ್ರಕಾರ ಅವನು ಒಳಗೂ ಸಾಯಬಾರದು, ಹೊರಗೂ ಸಾಯಬಾರದು; ನರಸಿಂಹ ಹೊಸಿಲಿನ ಮೇಲೆ ಕೂತು ಕೆಲಸ ಮುಗಿಸಿದ. ಆ ಅರಮನೆಗೆ ಸ್ಲೈಡಿಂಗ್ ಬಾಗಿಲಿದ್ದಿದ್ದರೆ ಕೂರಲು ಒಂದೂವರೆ ಇಂಚಿನ ಕಾಲುವೆಯಷ್ಟೇ ಸಿಗುತ್ತಿತ್ತು, ಪುರಾಣದ ಗತಿಯೇ ಬೇರೆಯಾಗುತ್ತಿತ್ತು. ಊರಿನ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆಗೆ ಅದೇ ಗುರುತು. ಅಕ್ಕಸಾಲಿಗರ ಲೆಕ್ಕದಲ್ಲಿ ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ಅರ್ಧ ಮಿಲಿಮೀಟರ್ ದಪ್ಪದ ಹೊಳೆಮರಳಿನ ಕಾಳುಗಳನ್ನು ಆ ತೂಕಕ್ಕೆ ಎಣಿಸಿದರೆ ಹತ್ತಿರ ಹತ್ತಿರ 700 ಕಾಳು ಬರುತ್ತವೆ. ಸ್ಲೈಡಿಂಗ್ ಬಾಗಿಲಿಗೆ 700 ಬೇಕಿಲ್ಲ. ಮರಳು ಬಹುಪಾಲು ಬೆಣಚುಕಲ್ಲು, ಮೋಸ್ ಮಾಪಕದಲ್ಲಿ ಅದರ ಗಡಸುತನ 7. ಅಲ್ಯೂಮಿನಿಯಂ 3ರ ಒಳಗೇ. ಕಾಳೊಂದು ನೈಲಾನ್ ಗಾಲಿಯ ಮೈಗೆ ನಾಟಿಕೊಂಡರೆ ಮುಂದೆ ಬಾಗಿಲು ತೆಗೆದು ಹಾಕಿದಾಗಲೆಲ್ಲ ಹಳಿಗೆ ಅರ ಹಾಕಿ ಉಜ್ಜಿದಂತೆಯೇ. ಕಾಶಿಯನ್ನು ಮೀರಿಸಿದ ತೂಕ ಬಾಗಿಲನ್ನು ನಿಲ್ಲಿಸುವುದರಲ್ಲಿ ಆಶ್ಚರ್ಯವಿಲ್ಲ.

ಮರಳು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದೇ ತಾಲ್ಲೂಕಿನ ತಲಕಾಡು ಆಕರಗ್ರಂಥ. ಅಲಮೇಲಮ್ಮನ ಶಾಪದಿಂದ ಊರು ಮರಳಾಯಿತೆಂದು ಜನ ಹೇಳುತ್ತಾರೆ. ಮೇಲ್ದಂಡೆಯಲ್ಲಿ ಮಾಧವಮಂತ್ರಿ ಕಟ್ಟೆ ಎದ್ದ ಮೇಲೆ ನದಿಯ ಮರಳದಿಣ್ಣೆ ಬಯಲಾಗಿ, ಗಾಳಿ ಅದನ್ನು ಊರ ಮೇಲೆ ತೂರಿತೆಂದು ವಿಜ್ಞಾನಿಗಳು. ಎರಡೂ ಪಕ್ಷದವರು ಒಪ್ಪುವ ಸಂಗತಿಯೆಂದರೆ, ಮರಳು ತಾನಾಗಿ ಹೋಗುವುದಿಲ್ಲ, ಯಾರಾದರೂ ತೆಗೆಯಬೇಕು. ಬಾಗಿಲಿನ ಹೊರಗೆ ಒಂದು ಒರಟು ಕಾಲೊರಸು ಹಾಸಿ, ಚಪ್ಪಲಿಯನ್ನು ಸಿಟೌಟಿನ ಆಚೆ ಬಿಡಿಸಿದರೆ ಶಾಪದ ಮುಕ್ಕಾಲು ಭಾಗ ಅಲ್ಲಿಗೇ ಪರಿಹಾರ.

ಚಿಕಿತ್ಸಾಕಾಂಡದಲ್ಲಿ ಎರಡು ಪಂಥಗಳಿವೆ. ಎಣ್ಣೆ ಪಂಥದವರು ಬಾಗಿಲು ಕಿರ್ ಎಂದರೆ ಅಡುಗೆಮನೆಗೆ ಓಡುತ್ತಾರೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ, ಕೊನೆಗೆ ನಿನ್ನೆ ಬೋಂಡ ಕರಿದು ಮಿಕ್ಕ ಎಣ್ಣೆ. ಎರಡು ದಿನ ಬಾಗಿಲು ಮಾತು ಕೇಳುತ್ತದೆ. ಮೂರನೆಯ ದಿನ ಎಣ್ಣೆಗೆ ಧೂಳು ಹಿಡಿದು ಕಪ್ಪು ಅಂಟಾಗುತ್ತದೆ, ಬೋಂಡದ ಎಣ್ಣೆಯಾದರೆ ಇರುವೆಯ ಸಾಲೂ ಬರುತ್ತದೆ. ಇವರಲ್ಲೇ ಸುಧಾರಿತ ಶಾಖೆ ಡಬ್ಲ್ಯುಡಿ-40ರದು. ಅದು 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯಲೆಂದು ಹುಟ್ಟಿದ್ದು. ನಲವತ್ತನೆಯ ಪ್ರಯತ್ನಕ್ಕೆ ಫಲಿಸಿದ್ದರಿಂದ ಆ ಅಂಕೆ. ಹಳೆಯ ಜಿಡ್ಡು ಸಡಿಲಿಸಲು ಒಳ್ಳೆಯದೇ, ಆದರೆ ಅದೂ ತೆಳುವಾದ ಎಣ್ಣೆಯ ಪದರ ಬಿಟ್ಟು ಹೋಗುತ್ತದೆ, ಒರೆಸಿ ತೆಗೆಯಬೇಕು. ಶುಷ್ಕ ಪಂಥದವರ ಮತದಲ್ಲಿ ಮೊದಲು ಶುದ್ಧಿ, ಆಮೇಲೆ ಒಣ ಸಿಲಿಕೋನ್ ಸ್ಪ್ರೇಯ ಒಂದು ತೆಳು ಲೇಪ, ಅದೂ ಬಟ್ಟೆಗೆ ಹೊಡೆದು ಹಳಿಗೆ ಸವರಿದಷ್ಟು. ಸ್ಪ್ರೇ ಸಿಗದಿದ್ದರೆ ಮೇಣದಬತ್ತಿಯ ತುಂಡನ್ನು ಹಳಿಯುದ್ದ ತೀಡಿದರೂ ನಡೆಯುತ್ತದೆ. ಪ್ರಬಂಧ ಶುಷ್ಕ ಪಂಥದ್ದು.

ಶುದ್ಧಿಗೆ ಮುಖ್ಯ ಆಯುಧ ಹಳೆಯ ಟೂತ್‌ಬ್ರಶ್. ಇಲ್ಲಿ ನಂಜನಗೂಡಿಗೆ ಐತಿಹಾಸಿಕ ಅನನುಕೂಲವಿದೆ. 1913ರಲ್ಲಿ ಸದ್ವೈದ್ಯಶಾಲೆ ಆರಂಭವಾದಂದಿನಿಂದ ಊರಿನ ಹೆಸರು ಹಲ್ಲುಪುಡಿಯ ಮೇಲೆ ನಾಡೆಲ್ಲ ಓಡಾಡಿತು, ಹಲ್ಲುಪುಡಿಗೆ ಬೆರಳೇ ಸಾಕು. ಹೀಗಾಗಿ ಸವೆದ ಬ್ರಶ್ಶುಗಳ ದಾಸ್ತಾನಿನಲ್ಲಿ ಪೇಸ್ಟಿನ ಊರುಗಳು ಮುಂದಿವೆ. ಆ ಅಂತರ ಈಗ ತುಂಬಿಬಂದಿದೆ ಎನ್ನಬಹುದು. ಕ್ರಮ ತಪ್ಪಬಾರದು: ಮೊದಲು ಒಣ ಬ್ರಶ್ಶಿನಿಂದ ಕೆದಕಿ ಎತ್ತಬೇಕು, ವ್ಯಾಕ್ಯೂಮ್ ಇದ್ದರೆ ಎಳೆಸಬೇಕು, ಸೋಪಿನ ನೀರಿನ ಒದ್ದೆ ಬಟ್ಟೆ ಕೊನೆಗೆ. ಮೊದಲೇ ಚೊಂಬಿನಲ್ಲಿ ನೀರು ಸುರಿದರೆ ಮರಳು ಕೆಸರಾಗಿ ಮೂಲೆ ಸೇರುತ್ತದೆ.

ಗಾಲಿಗೆ ಇನ್ನೊಂದು ಶತ್ರು ಕೂದಲು. ಪಡಸಾಲೆಯಲ್ಲಿ ತಲೆ ಬಾಚಿದ್ದೆಲ್ಲ ಗಾಳಿಗೆ ಉರುಳಿ ಟ್ರ್ಯಾಕಿಗೆ ಬಂದು ಗಾಲಿಯ ಅಚ್ಚಿಗೆ ಸುತ್ತಿಕೊಳ್ಳುತ್ತದೆ. ಸುತ್ತು ಬಿಗಿಯಾದಂತೆ ಗಾಲಿ ತಿರುಗುವುದನ್ನು ಬಿಟ್ಟು ಉಜ್ಜುತ್ತ ಹೋಗಿ ಒಂದು ಪಕ್ಕ ಚಪ್ಪಟೆಯಾಗುತ್ತದೆ. ಕಪಿಲೆಯ ಸ್ನಾನಘಟ್ಟದಲ್ಲಿ ಮುಡಿ ಕೊಡುವ ಹರಕೆ ನಂಜನಗೂಡಿಗೆ ಹೊಸದಲ್ಲ. ಬಾಗಿಲಿಗೂ ಆ ಸೇವೆ ಸಲ್ಲಬೇಕು, ಬ್ಲೇಡಿನ ಬದಲು ಸಣ್ಣ ಕತ್ತರಿ ಮತ್ತು ಚಿಮುಟ.

ಇಷ್ಟಾದರೂ ಬಾಗಿಲು ಕೆರೆಯುತ್ತಿದ್ದರೆ ಎತ್ತರದ ತಕರಾರು. ಬಾಗಿಲಿನ ಕೆಳ ಅಂಚಿನ ಪಕ್ಕದಲ್ಲಿ, ಸಾಮಾನ್ಯವಾಗಿ ಪ್ಲಾಸ್ಟಿಕ್ ಮುಚ್ಚಳದ ಹಿಂದೆ, ಒಂದು ಸ್ಕ್ರೂ ಅಡಗಿರುತ್ತದೆ. ಮನೆಯವರಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ. ಬಾಗಿಲು ಕೂರಿಸಿದವನು ಹೇಳಿ ಹೋಗಿರುವುದಿಲ್ಲ. ಸ್ಟಾರ್ ಸ್ಕ್ರೂಡ್ರೈವರಿನಲ್ಲಿ ಅದನ್ನು ತಿರುಗಿಸಿದರೆ ಗಾಲಿ ಕೆಳಗಿಳಿದು ಬಾಗಿಲು ಮೇಲೇಳುತ್ತದೆ. ಒಮ್ಮೆಗೆ ಅರ್ಧ ಸುತ್ತು ಸಾಕು. ಒಬ್ಬರು ಬಾಗಿಲಿನ ಭಾರವನ್ನು ಸ್ವಲ್ಪ ಎತ್ತಿ ಹಿಡಿದರೆ ಸ್ಕ್ರೂವಿನ ಮರೆ ಉಳಿಯುತ್ತದೆ. ಬಾಗಿಲು ಮುಚ್ಚುವಾಗ ಅದಕ್ಕೂ ಚೌಕಟ್ಟಿಗೂ ನಡುವಿನ ಸಂದು ಮೇಲೆ ಕೆಳಗೆ ಒಂದೇ ಸಮವಾಗಿದ್ದರೆ ಎರಡೂ ಗಾಲಿ ಸರಿಹೋಗಿವೆ ಎಂದರ್ಥ. ಬಾಗಿಲು ಮೇಲೆದ್ದ ಮೇಲೆ ಲಾಕಿನ ಕೊಕ್ಕೆ ಸಿಗದೆ ಹೋದರೆ ಗಾಬರಿ ಬೇಡ; ಚೌಕಟ್ಟಿನ ತಗಡನ್ನೂ ಅಷ್ಟೇ ಮೇಲೇರಿಸಬೇಕು.

ಗಾಲಿಯೇ ಸತ್ತಿದ್ದರೆ ಬಾಗಿಲನ್ನು ಇಳಿಸದೆ ಗತಿಯಿಲ್ಲ. ಮೂರಡಿಗೆ ಏಳಡಿ ಪಲ್ಲೆಯಲ್ಲಿ 5 ಮಿಲಿಮೀಟರ್ ಗಾಜಿದ್ದರೆ ಗಾಜಿನ ತೂಕವೇ 24 ಕಿಲೋ, ಚೌಕಟ್ಟು ಬೇರೆ. ಇಬ್ಬರು ಬೇಕೇ ಬೇಕು, ಅವರಲ್ಲಿ ಜಗಳವಿರಬಾರದು. ಮೇಲಿನ ಕಾಲುವೆಯಲ್ಲಿ ಬಾಗಿಲು ಹಾರದಂತೆ ತಡೆಯುವ ಗುಂಡಿಯಿದ್ದರೆ ಬಿಚ್ಚಿ, ಗಾಲಿಯನ್ನು ಪೂರ್ತಿ ಒಳಗೆಳೆದು, ಪಲ್ಲೆಯನ್ನು ಮೇಲಿನ ಕಾಲುವೆಯೊಳಕ್ಕೆ ಎತ್ತಿ, ಬುಡವನ್ನು ತಮ್ಮ ಕಡೆಗೆ ಎಳೆದುಕೊಳ್ಳಬೇಕು. ಹಳೆಯ ಗಾಲಿಯನ್ನು ಕಡ್ಡಾಯವಾಗಿ ಅಂಗಡಿಗೆ ಒಯ್ಯಬೇಕು. ಫೋಟೊ ನೋಡಿ ಅಂಗಡಿಯವ “ಇದೇ ಸಾ, ಕಣ್ಮುಚ್ಕಂಡ್ ಹಾಕಿ” ಎಂದು ಕೊಟ್ಟದ್ದು ಕೂರುವುದಿಲ್ಲ. ಕಪಿಲೆಯ ಮೇಲೆ 1735ರದೆಂದು ಹೇಳುವ ಹಳೆಯ ಸೇತುವೆಯ ಮೇಲೆ ರಸ್ತೆಯ ಜೊತೆಗೆ ಮೀಟರ್ ಗೇಜ್ ರೈಲೂ ಓಡುತ್ತಿತ್ತು. ಬ್ರಾಡ್ ಗೇಜ್ ಬಂದಾಗ ಅದಕ್ಕೆ ಬೇರೆ ಸೇತುವೆಯೇ ಬೇಕಾಯಿತು. ಗಾಲಿಯ ತೋಡು ಹಳಿಯ ಏಣಿಗೆ ಹೊಂದಬೇಕೆಂಬುದನ್ನು ನಂಜನಗೂಡಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದೇ ಗಾಲಿ ಬದಲಿಸಿ ದುಡ್ಡು ಉಳಿಸಿದವರ ಬಾಗಿಲು ಒಂದು ಕಡೆಗೆ ವಾಲುತ್ತದೆ. ಹಳಿಯೂ ಸವೆದು ಗೀರು ಬಿದ್ದಿದ್ದರೆ ಅದರ ಮೇಲೆ ಕೂರಿಸುವ ಸ್ಟೀಲ್ ಪಟ್ಟಿ ಸಿಗುತ್ತದೆ, ಇಡೀ ಚೌಕಟ್ಟು ಕೀಳಿಸಬೇಕಿಲ್ಲ.

ಇನ್ನು ಜಲಪ್ರಕರಣ. 2018 ಮತ್ತು 2019ರ ಆಗಸ್ಟಿನಲ್ಲಿ ಕಬಿನಿ ಅಣೆಕಟ್ಟೆಯ ಗೇಟು ತೆರೆದಾಗ ನಂಜನಗೂಡಿನ ತಗ್ಗಿನ ಬೀದಿಗಳಿಗೆ ನೀರು ನುಗ್ಗಿತ್ತು. ಅದನ್ನು ಯಾವ ಬಾಗಿಲೂ ತಡೆಯಲಾರದು. ಆದರೆ ಸಾಧಾರಣ ಮಳೆಗೇ ಪಡಸಾಲೆಯಲ್ಲಿ ಹೊಳೆ ಹರಿಯುವ ಮನೆಗಳಿವೆ, ಅಲ್ಲಿ ದೂರಬೇಕಾದದ್ದು ಜಲಾಶಯವನ್ನಲ್ಲ. ಟ್ರ್ಯಾಕಿನ ಹೊರಮೈಯಲ್ಲಿ ನೀರು ಹೋಗಲೆಂದೇ ಸಣ್ಣ ತೂತುಗಳಿರುತ್ತವೆ. ಬಣ್ಣ ಹೊಡೆಯುವವನು ಅವನ್ನು ಪುಟ್ಟಿಯಿಂದ ಮುಚ್ಚುತ್ತಾನೆ, ಟೈಲ್ಸಿನವನು ಸಿಮೆಂಟಿನಿಂದ, ಕಣಜ ತನ್ನ ಗೂಡಿನಿಂದ. ಉರಿದು ಮಿಕ್ಕ ಊದುಬತ್ತಿ ಕಡ್ಡಿ ಅವುಗಳಿಗೆ ಸರಿಯಾದ ಅಳತೆಯದು. ಮೈಸೂರು ಸೀಮೆಯಲ್ಲಿ ಅದಕ್ಕೆ ಕೊರತೆಯೂ ಇಲ್ಲ. ಚುಚ್ಚಿ ತೆರೆದ ಮೇಲೆ ಒಂದು ಲೋಟ ನೀರು ಸುರಿದು ಹೊರಗೆ ಹರಿಯಿತೋ ಇಲ್ಲವೋ ನೋಡಬೇಕು. ಇದನ್ನು ಮುಂಗಾರಿಗೆ ಮೊದಲೇ ಮುಗಿಸಬೇಕು.

ಕಾಲಮಾನ ನಿರ್ಣಯದಲ್ಲಿ ಗೊಂದಲ ಬೇಡ. ಹಳಿ ಗುಡಿಸುವುದು ಶುಕ್ರವಾರಕ್ಕೆ. ಗಾಲಿ ಬಿಚ್ಚಿ ನೋಡುವುದು ನರಸೀಪುರದಲ್ಲಿ 1989ರಿಂದ ನಡೆದುಬಂದಿರುವ ಕುಂಭಮೇಳದ ಲೆಕ್ಕಕ್ಕೆ, ಅಂದರೆ ಮೂರು ವರ್ಷಕ್ಕೊಮ್ಮೆ. ತಲಕಾಡಿನ ಪಂಚಲಿಂಗ ದರ್ಶನದ ಲೆಕ್ಕ ಹಿಡಿದವರು ಕೆಟ್ಟರು. 2013 ಆದ ಮೇಲೆ ಅದು ಬಂದದ್ದು 2020ಕ್ಕೆ.

ಉಳಿದಿರುವುದು ಆಯುಧಪೂಜೆಯ ವಿವಾದ. ಪಲ್ಲೆಗೆ ಎರಡರಂತೆ ಜೋಡಿ ಬಾಗಿಲಿಗೆ ನಾಲ್ಕು ಗಾಲಿ. ಆದ್ದರಿಂದ ಅದು ನಾಲ್ಕು ಚಕ್ರದ ವಾಹನ, ಪೂಜೆಗೆ ಅರ್ಹ ಎಂದು ಒಂದು ವಾದ. ತನ್ನ ಜಾಗ ಬಿಟ್ಟು ಎಲ್ಲಿಗೂ ಹೋಗದ ವಾಹನವೆಂಥದು ಎಂದು ಪ್ರತಿವಾದ. ಷೆಡ್ಡಿನಲ್ಲಿ ವರ್ಷಗಟ್ಟಲೆ ನಿಂತ ಸ್ಕೂಟರಿಗೂ ಹೂವಿನ ಹಾರ ಬೀಳುವುದನ್ನು ನೋಡಿದರೆ ಮೊದಲನೆಯ ವಾದಕ್ಕೇ ಬಲ ಹೆಚ್ಚು. ಪೂಜೆ ಆಗಲಿ. ಅರಿಸಿನ ಕುಂಕುಮ ಚೌಕಟ್ಟಿನ ಪಕ್ಕದ ಕಂಬಕ್ಕೆ, ಹಾರ ಹಿಡಿಕೆಗೆ. ನಿಂಬೆಹಣ್ಣನ್ನು ಮಾತ್ರ ಗಾಲಿಯ ಕೆಳಗೆ ಇಟ್ಟು ಬಾಗಿಲು ಎಳೆಯಬಾರದು. ಬೀಜ ಸಿಕ್ಕಿಹಾಕಿಕೊಂಡರೆ ಮತ್ತೆ ಪಲ್ಲೆ ಇಳಿಸಬೇಕಾಗುತ್ತದೆ, ಹಬ್ಬದ ದಿನ ಕೆಲಸದವರು ಫೋನ್ ಎತ್ತುವುದಿಲ್ಲ.